ಎರಡು ಲ್ಯಾಬ್, ಎರಡು ಶುಗರ್ ನಂಬರ್: ಮೋಸವೋ, ಟ್ಯೂಬಿನೊಳಗಿನ ಕಿಣ್ವದ ಕೆಲಸವೋ?

"ಒಂದೇ ದಿನ ಒಂದು ಲ್ಯಾಬಿನಲ್ಲಿ ಶುಗರ್ 130 ಬಂತು, ಇನ್ನೊಂದರಲ್ಲಿ 114. ಲ್ಯಾಬಿನವರು ಮನಸ್ಸಿಗೆ ಬಂದ ನಂಬರ್ ಬರೆದು ಕೊಡುತ್ತಾರೆ, ನಂಬಬೇಡಿ." ಇಂಥ ಮಾತನ್ನು ನೀವೂ ಕೇಳಿರಬಹುದು, ಗ್ರೂಪುಗಳಲ್ಲಿ ಓದಿರಬಹುದು. ಇದು ನಿಜವೇ?

ನಂಬರ್ ಬೇರೆ ಬರುವುದು ನಿಜ. ಆದರೆ ಅದಕ್ಕೆ ಮೋಸವೇ ಕಾರಣವಾಗಬೇಕಿಲ್ಲ. ಹಲವು ಸಲ ಕಾರಣ ಇರುವುದು ರಕ್ತ ತೆಗೆದ ಟ್ಯೂಬಿನಲ್ಲಿ.

ಲ್ಯಾಬಿನ ಯಂತ್ರ ಶುಗರ್ ಅಳೆಯುವುದು ಹೇಗೆ?

ನಮ್ಮ ಜೀವಕೋಶಗಳು ಗ್ಲೂಕೋಸನ್ನು ಹತ್ತು ಹಂತಗಳಲ್ಲಿ ಒಡೆದು ಶಕ್ತಿ ಪಡೆಯುತ್ತವೆ. ಈ ಕ್ರಿಯೆಗೆ ಗ್ಲೈಕಾಲಿಸಿಸ್ ಎಂದು ಹೆಸರು. ಪ್ರತಿ ಹಂತಕ್ಕೂ ಒಂದೊಂದು ಕಿಣ್ವ, ಅಂದರೆ ಎನ್‌ಜೈಮ್ ಇದೆ. ಮೊದಲ ಹಂತದ ಕಿಣ್ವ ಹೆಕ್ಸೋಕೈನೇಸ್. ಇದೇ ಕಿಣ್ವವನ್ನು ಯೀಸ್ಟ್‌ನಂಥ ಸೂಕ್ಷ್ಮಜೀವಿಗಳಿಂದ ಪಡೆದು, ಶುದ್ಧೀಕರಿಸಿ, ಲ್ಯಾಬಿನ ಪರೀಕ್ಷೆಯಲ್ಲಿ ಬಳಸುತ್ತಾರೆ.

ಹೆಕ್ಸೋಕೈನೇಸ್ ಗ್ಲೂಕೋಸಿಗೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಆಮೇಲೆ ಜಿ6ಪಿಡಿ ಎಂಬ ಇನ್ನೊಂದು ಕಿಣ್ವ ಅದನ್ನು ಬದಲಾಯಿಸುವಾಗ ಎನ್‌ಎಡಿಪಿಎಚ್ ಎಂಬ ವಸ್ತು ಹುಟ್ಟುತ್ತದೆ. ಒಂದು ಗ್ಲೂಕೋಸ್ ಅಣುವಿಗೆ ಒಂದು ಎನ್‌ಎಡಿಪಿಎಚ್ ಅಣು, ಇದು ಲೆಕ್ಕ. ಈ ವಸ್ತು 340 ನ್ಯಾನೋಮೀಟರಿನ ಅತಿನೇರಳೆ ಬೆಳಕನ್ನು ಹೀರುತ್ತದೆ. ಎಷ್ಟು ಬೆಳಕು ಹೀರಲ್ಪಟ್ಟಿತು ಎಂದು ಅಳೆದರೆ ಎಷ್ಟು ಗ್ಲೂಕೋಸ್ ಇತ್ತು ಎಂದು ಗೊತ್ತಾಗುತ್ತದೆ. ಜರ್ಮನಿಯ ವಿಜ್ಞಾನಿ ಓಟೋ ವಾರ್‌ಬರ್ಗ್ 1930ರ ದಶಕದಲ್ಲಿ ತೋರಿಸಿಕೊಟ್ಟ ವಿಧಾನದ ಮೇಲೆ ಇದು ನಿಂತಿದೆ.

ಹೆಕ್ಸೋಕೈನೇಸ್ ಬೇರೆ ಕೆಲವು ಸಕ್ಕರೆಗಳಿಗೂ ಫಾಸ್ಫೇಟ್ ಅಂಟಿಸಬಲ್ಲದು. ಆದರೆ ಜಿ6ಪಿಡಿ ಗ್ಲೂಕೋಸಿನಿಂದ ಬಂದದ್ದನ್ನು ಮಾತ್ರ ಒಪ್ಪುತ್ತದೆ. ಒಂದು ಬಾಗಿಲಿಗೆ ಎರಡು ಬೀಗ ಹಾಕಿದ ಹಾಗೆ. ಅದಕ್ಕೇ ಈ ಪರೀಕ್ಷೆಯನ್ನು ತುಂಬಾ ನಂಬಿಕೆಗೆ ಅರ್ಹ ಎಂದು ಪರಿಗಣಿಸುತ್ತಾರೆ.

ಹಾಗಾದರೆ ನಂಬರ್ ಬದಲಾಗುವುದೇಕೆ?

ರಕ್ತವನ್ನು ದೇಹದಿಂದ ತೆಗೆದ ಮಾತ್ರಕ್ಕೆ ರಕ್ತಕಣಗಳು ಸಾಯುವುದಿಲ್ಲ. ಅವುಗಳೊಳಗೂ ಹೆಕ್ಸೋಕೈನೇಸ್ ಇದೆ. ಟ್ಯೂಬಿನೊಳಗೆ ಕುಳಿತೇ ಅವು ಗ್ಲೂಕೋಸ್ ತಿನ್ನುತ್ತಿರುತ್ತವೆ. ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಸುಮಾರು 5ರಿಂದ 7 ಶೇಕಡಾ ಗ್ಲೂಕೋಸ್ ಹೀಗೆ ಕಡಿಮೆಯಾಗುತ್ತದೆ. ಸೆಕೆ ಹೆಚ್ಚಿದ್ದರೆ ಅಥವಾ ರಕ್ತದಲ್ಲಿ ಬಿಳಿಕಣಗಳು ತುಂಬಾ ಜಾಸ್ತಿ ಇದ್ದರೆ ಇನ್ನೂ ಬೇಗ ಇಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಖಾಲಿ ಹೊಟ್ಟೆಯಲ್ಲಿ ಶುಗರ್ 130 ಇದ್ದ ವ್ಯಕ್ತಿಯ ರಕ್ತ ಎರಡು ಗಂಟೆ ಹಾಗೇ ಉಳಿದರೆ ರಿಪೋರ್ಟಿನಲ್ಲಿ 114ರ ಆಸುಪಾಸು ಬರಬಹುದು. 126 ಮತ್ತು ಅದಕ್ಕಿಂತ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ. 100ರಿಂದ 125 ಇದ್ದರೆ ಅದರ ಮುನ್ಸೂಚನೆಯ ಹಂತ. ಅಂದರೆ ಇರುವ ಕಾಯಿಲೆಯೇ ಕಾಣದೆ ಹೋಗಬಹುದು. ಗರ್ಭಿಣಿಯರಲ್ಲಿ ಇದು ಇನ್ನೂ ಸೂಕ್ಷ್ಮ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಒಂದು ಮಾನದಂಡದಲ್ಲಿ ಖಾಲಿ ಹೊಟ್ಟೆಯ ಮಿತಿ 92. ಅಲ್ಲಿ ಐದಾರು ಅಂಕೆಯ ವ್ಯತ್ಯಾಸವೂ ತೀರ್ಮಾನವನ್ನೇ ಬದಲಿಸುತ್ತದೆ.

ಬೂದು ಮುಚ್ಚಳದ ಟ್ಯೂಬ್ ಏಕೆ?

ಶುಗರ್ ಪರೀಕ್ಷೆಗೆ ಸಾಮಾನ್ಯವಾಗಿ ಬೂದು ಬಣ್ಣದ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ. ಇದು ಗ್ಲೈಕಾಲಿಸಿಸ್‌ನ ಒಂಬತ್ತನೇ ಹಂತದ ಇನೊಲೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಯಂತ್ರ ಬಳಸುವುದು ಮೊದಲ ಹಂತದ ಹೆಕ್ಸೋಕೈನೇಸ್ ಆದ್ದರಿಂದ ಅಳತೆಗೆ ಇದರಿಂದ ತೊಂದರೆಯಿಲ್ಲ.

ಆದರೆ ಇಲ್ಲೊಂದು ಮಿತಿ ಇದೆ. ತಡೆ ಬೀಳುವುದು ಒಂಬತ್ತನೇ ಹಂತದಲ್ಲಿ, ಗ್ಲೂಕೋಸ್ ಖರ್ಚಾಗುವುದು ಮೊದಲ ಹಂತದಲ್ಲಿ. ಮುಂದೆ ದಾರಿ ಮುಚ್ಚಿದರೂ ಟ್ರಾಫಿಕ್ ಹಿಂದಿನವರೆಗೆ ಜಾಮ್ ಆಗಲು ಹೊತ್ತು ಬೇಕಲ್ಲ, ಹಾಗೆಯೇ ಇದು ಕೂಡ. ಮೊದಲ ಒಂದೆರಡು ಗಂಟೆ ಗ್ಲೂಕೋಸ್ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಟ್ಯೂಬನ್ನು ಐಸಿನಲ್ಲಿಟ್ಟು ಬೇಗನೆ ರಕ್ತಕಣಗಳನ್ನು ಬೇರ್ಪಡಿಸುವುದು ಒಳ್ಳೆಯ ಕ್ರಮ. ಸಿಟ್ರೇಟ್ ಇರುವ ಆಮ್ಲೀಯ ಟ್ಯೂಬುಗಳೂ ಇವೆ. ಅವು ಆರಂಭದ ಹಂತಗಳನ್ನೇ ತಕ್ಷಣ ತಡೆಯುತ್ತವೆ.

ಮನೆಯ ಗ್ಲೂಕೋಮೀಟರ್ ಬೇರೆ ತೋರಿಸಿದರೆ?

ಮನೆಯ ಪಟ್ಟಿಗಳಲ್ಲಿ ಇರುವುದು ಹೆಕ್ಸೋಕೈನೇಸ್ ಅಲ್ಲ. ಸಾಮಾನ್ಯವಾಗಿ ಗ್ಲೂಕೋಸ್ ಆಕ್ಸಿಡೇಸ್ ಅಥವಾ ಗ್ಲೂಕೋಸ್ ಡಿಹೈಡ್ರೋಜಿನೇಸ್. 2013ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಶುಗರ್ 100 ಮತ್ತು ಅದಕ್ಕಿಂತ ಹೆಚ್ಚಿದ್ದಾಗ ಮೀಟರಿನ 95 ಶೇಕಡಾ ಫಲಿತಾಂಶಗಳು ಲ್ಯಾಬಿನ ಅಳತೆಗಿಂತ 15 ಶೇಕಡಾ ಹೆಚ್ಚುಕಡಿಮೆಯೊಳಗೆ ಇದ್ದರೆ ಸಾಕು. ಊಟದ ನಂತರ ಬೆರಳ ತುದಿಯ ರಕ್ತದಲ್ಲಿ ಶುಗರ್ ತೋಳಿನ ರಕ್ತಕ್ಕಿಂತ ಹೆಚ್ಚೇ ಇರುತ್ತದೆ. ಮೀಟರ್ ಇರುವುದು ದಿನನಿತ್ಯದ ಏರಿಳಿತ ನೋಡಲು, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅಲ್ಲ.

ನೀವು ಏನು ಮಾಡಬಹುದು?

• ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವವರನ್ನು ಕೇಳಿ: ಶುಗರಿಗೆ ಬೂದು ಮುಚ್ಚಳದ ಟ್ಯೂಬೇ ತಾನೆ? ಎಷ್ಟು ಹೊತ್ತಿಗೆ ಲ್ಯಾಬ್ ಸೇರುತ್ತದೆ? ಹೀಗೆ ಕೇಳುವುದು ನಿಮ್ಮ ಹಕ್ಕು.
• ಎರಡು ರಿಪೋರ್ಟ್ ಹೋಲಿಸುವಾಗ ರಕ್ತ ತೆಗೆದ ಸಮಯ ಮತ್ತು ಉಪವಾಸದ ಅವಧಿ ನೋಡಿ.
• ಅನುಮಾನವಿದ್ದರೆ ವೈದ್ಯರನ್ನು ಎಚ್‌ಬಿಎ1ಸಿ ಪರೀಕ್ಷೆ ಬಗ್ಗೆ ಕೇಳಿ. ಟ್ಯೂಬಿನಲ್ಲಿ ಗ್ಲೂಕೋಸ್ ಇಳಿದರೂ ಅದರ ಫಲಿತಾಂಶ ಬದಲಾಗುವುದಿಲ್ಲ. ಆದರೆ ರಕ್ತಹೀನತೆ ಇದ್ದರೆ ಅದೂ ದಾರಿ ತಪ್ಪಿಸಬಹುದು, ವೈದ್ಯರಿಗೆ ಮೊದಲೇ ತಿಳಿಸಿ.
• ಒಂದೇ ನಂಬರ್ ನೋಡಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಬೇಡಿ, ಹೆಚ್ಚಿಸಲೂಬೇಡಿ.

ಕೊನೆಯ ಮಾತು: ಎರಡು ರಿಪೋರ್ಟ್ ಬೇರೆ ಬಂದಿತೆಂದು "ಟೆಸ್ಟೇ ಸುಳ್ಳು" ಎನ್ನುವುದು ತಪ್ಪು. ಆ ಮಾತು ನಂಬಿ ಯಾರಾದರೂ ಪರೀಕ್ಷೆ ಮಾಡಿಸುವುದನ್ನೇ ಬಿಟ್ಟರೆ ಅಪಾಯ ಅವರಿಗೇ. ಅಂಥ ಮೆಸೇಜ್ ಬಂದರೆ ಮುಂದೆ ಕಳಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ರಕ್ತ ತೆಗೆದದ್ದು ಎಷ್ಟು ಹೊತ್ತಿಗೆ, ಪರೀಕ್ಷೆ ಆದದ್ದು ಎಷ್ಟು ಹೊತ್ತಿಗೆ?