ಮೀಟರಿನಿಂದ ಒಳಗೆ: ಗೃಹ ವಿದ್ಯುತ್ ಯೋಜನೆಗಳು ಮತ್ತು ಇಂಧನ ಪರಿಶೋಧಕರ ಉದ್ಯೋಗ, ಬೈರಮಂಗಲದ ಹಿನ್ನೆಲೆಯಲ್ಲಿ

ಮನೆಗಳಲ್ಲಿ ವಿದ್ಯುತ್ ಉಳಿಸಲೆಂದು ಸರ್ಕಾರ ಯೋಜನೆ ತಂದರೆ, ಆ ಮನೆಗಳನ್ನು ಪರಿಶೀಲಿಸಿ ಸಲಹೆ ಕೊಡುವವರಿಗೂ ಕೆಲಸ ಸಿಗುತ್ತದೆ ಎಂಬುದು ಸಹಜ ನಿರೀಕ್ಷೆ. ಕರ್ನಾಟಕದ ಎರಡು ದಶಕಗಳ ಅನುಭವ ಈ ನಿರೀಕ್ಷೆಯನ್ನು ಹುಸಿ ಮಾಡಿದೆ. ಬಲ್ಬು ಬಂತು, ಸೋಲಾರ್ ವಾಟರ್ ಹೀಟರ್ ಬಂತು, ಉಚಿತ ಯೂನಿಟ್ಟು ಬಂತು, ಈಗ ತಾರಸಿಗೆ ಸೌರಫಲಕವೂ ಬರುತ್ತಿದೆ. ಯಾವ ಉಪಕರಣ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ಮನೆಯೊಳಗೆ ಬಂದು ನೋಡುವವರು ಬರಲಿಲ್ಲ. ಯೋಜನೆಗಳನ್ನು ಹೆಣೆದ ರೀತಿಯೇ ಈ ಉದ್ಯೋಗ ಹುಟ್ಟದಂತೆ ತಡೆದಿದೆ ಎಂಬುದು ಈ ಲೇಖನದ ವಾದ.

ಈ ಮಾತನ್ನು ಪರೀಕ್ಷಿಸಲು ಬೈರಮಂಗಲ ತಕ್ಕ ಸ್ಥಳ. ಈಗ ಬೆಂಗಳೂರು ದಕ್ಷಿಣ ಎಂದು ಹೆಸರಾಗಿರುವ ರಾಮನಗರ ಜಿಲ್ಲೆಯ ಬಿಡದಿ ಹೋಬಳಿಗೆ ಸೇರಿದ ಈ ಊರನ್ನು ನಾಡು ಬಲ್ಲದ್ದು ವೃಷಭಾವತಿಯ ಕೊಳಚೆ ಬಂದು ನಿಲ್ಲುವ ಕೆರೆಯಿಂದ. ಕೆಲವೇ ಕಿಲೋಮೀಟರ್ ದೂರದಲ್ಲಿ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿರುವ ಬಿಡದಿ ಕೈಗಾರಿಕಾ ಪ್ರದೇಶವಿದೆ. ಹೀಗಾಗಿ ಒಂದೇ ಹೋಬಳಿಯಲ್ಲಿ ಎರಡು ಲೋಕಗಳು: ಇಂಧನ ಪರಿಶೋಧನೆ ಎಂಬುದು ಸಂಬಳದ ವೃತ್ತಿಯಾಗಿರುವ ಕಾರ್ಖಾನೆಗಳ ಲೋಕ ಮತ್ತು ಆ ಹೆಸರನ್ನೇ ಕೇಳದ ರೇಷ್ಮೆ, ಹೈನು, ತೆಂಗಿನ ಮನೆಗಳ ಲೋಕ.

ಈ ಅಂತರದ ಬೇರು ಕಾನೂನಿನಲ್ಲಿದೆ. 2001ರ ಇಂಧನ ಸಂರಕ್ಷಣಾ ಕಾಯ್ದೆ 2002ರ ಮಾರ್ಚ್ 1ರಂದು ಜಾರಿಗೆ ಬಂದಾಗ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಯಿತು. ಬ್ಯೂರೋದ ರಾಷ್ಟ್ರೀಯ ಪರೀಕ್ಷೆಯಲ್ಲಿ ಮೂರು ಪತ್ರಿಕೆ ಪಾಸಾದವರು ಇಂಧನ ವ್ಯವಸ್ಥಾಪಕರು, ನಾಲ್ಕನೆಯದನ್ನೂ ಪಾಸಾದವರು ಇಂಧನ ಪರಿಶೋಧಕರು. ಕಾಯ್ದೆ ಹೆಸರಿಸಿದ ದೊಡ್ಡ ಬಳಕೆದಾರರು ಮಾನ್ಯತೆ ಪಡೆದ ಪರಿಶೋಧಕರಿಂದ ಆಡಿಟ್ ಮಾಡಿಸಲೇಬೇಕು. ವೃತ್ತಿ ನಿಂತಿರುವುದು ಈ ಕಡ್ಡಾಯದ ಮೇಲೆ. 2021ರಲ್ಲಿ ವಿದ್ಯುತ್ ವಿತರಣಾ ಕಂಪನಿಗಳಿಗೂ ಆಡಿಟ್ ಕಡ್ಡಾಯವಾಯಿತು. ಹಾಗಾಗಿ ಇಲ್ಲಿನ ವಿತರಣಾ ಕಂಪನಿ ಬೆಸ್ಕಾಂನ ತಂತಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಸೋರಿಹೋಗುವ ವಿದ್ಯುತ್ತಿಗೆ ಪರಿಶೋಧಕರು ಲೆಕ್ಕ ಹಾಕುತ್ತಾರೆ. ಅದೇ ತಂತಿ ಬೈರಮಂಗಲದ ಮನೆಯ ಮೀಟರ್ ದಾಟಿ ಒಳಗೆ ಹೋದ ಮೇಲೆ ಲೆಕ್ಕ ಕೇಳುವವರಿಲ್ಲ.

ಮನೆ ಕಟ್ಟಡಗಳಿಗೆ ಸಂಹಿತೆಯೇ ಇಲ್ಲವೆಂದಲ್ಲ. 2018ರ ಡಿಸೆಂಬರಿನಲ್ಲಿ ಹೊರಬಂದ ಇಕೋ ನಿವಾಸ್ ಸಂಹಿತೆ ಗೋಡೆ, ಕಿಟಕಿ, ಚಾವಣಿಗಳ ಮೂಲಕ ಒಳನುಗ್ಗುವ ಶಾಖಕ್ಕೆ ಮಿತಿ ಹಾಕಿದೆ. ಆದರೆ ಅದರ ವ್ಯಾಪ್ತಿ 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಲ್ಲಿ ಹೊಸದಾಗಿ ಕಟ್ಟುವವರಿಗೆ. ಮಧ್ಯಾಹ್ನ ಒಳಗೆ ಕೂರಲಾಗದಂತೆ ಕಾಯುವ ಸಿಮೆಂಟ್ ಶೀಟಿನ ಹಳ್ಳಿ ಮನೆ ಅದರ ಕಣ್ಣಿಗೆ ಬೀಳುವುದಿಲ್ಲ. ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಸುತ್ತಲಿನ ಸಾವಿರಾರು ಎಕರೆಯನ್ನು ಬಿಡದಿ ಟೌನ್‌ಶಿಪ್‌ಗೆಂದು ಗುರುತಿಸಲಾಗಿದ್ದು, ರೈತರು ಅದನ್ನು ವಿರೋಧಿಸುತ್ತಿದ್ದಾರೆ. ಟೌನ್‌ಶಿಪ್ ಬಂದರೆ ಸಂಹಿತೆಯೂ ಬರುತ್ತದೆ, ಪರಿಶೋಧಕರಿಗೆ ಕೆಲಸವೂ ಬರುತ್ತದೆ. ಈಗಿರುವ ಮನೆಗಳು ಹೋದ ಮೇಲೆ ಬರುವ ಆ ಕೆಲಸವನ್ನು ಊರಿನ ಲಾಭವೆಂದು ಎಣಿಸಲು ನಾನು ಸಿದ್ಧನಿಲ್ಲ.

ಇನ್ನು ಯೋಜನೆಗಳನ್ನು ನೋಡೋಣ. 2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಇದರಿಂದ ಡೀಲರುಗಳಿಗೆ, ಪ್ಲಂಬರುಗಳಿಗೆ ಕೆಲಸ ಸಿಕ್ಕಿತು. ಪರಿಶೀಲನೆ ಎಂಬುದು ಸಂಪರ್ಕ ಕೊಡುವಾಗ ಹೀಟರ್ ಇದೆಯೇ ಇಲ್ಲವೇ ಎಂದು ಒಮ್ಮೆ ನೋಡುವುದರಲ್ಲೇ ಮುಗಿಯಿತು. ಕೊಳವೆಬಾವಿಯ ಗಡಸು ನೀರಿಗೆ ಕೊಳವೆಗಳು ಕಟ್ಟಿಕೊಂಡು, ಮನೆಯವರು ಮತ್ತೆ ಗೀಸರ್ ಹಾಕಿಕೊಂಡರೂ ಅದು ಯಾರ ದಾಖಲೆಗೂ ಸೇರುವುದಿಲ್ಲ. 2015ರ ಜನವರಿಯಲ್ಲಿ ಕೇಂದ್ರದ ಉಜಾಲ, ಡಿಸೆಂಬರಿನಲ್ಲಿ ರಾಜ್ಯದ ಹೊಸಬೆಳಕು ಎಲ್ಇಡಿ ಬಲ್ಬುಗಳನ್ನು ಮನೆಮನೆಗೆ ಮುಟ್ಟಿಸಿದವು. 60 ವ್ಯಾಟಿನ ಜಾಗಕ್ಕೆ 9 ವ್ಯಾಟ್ ಬಂದದ್ದು ನಿಜವಾದ ಸಾಧನೆ, ಅದನ್ನು ಕಡೆಗಣಿಸಬಾರದು. ಬಲ್ಬು ಬದಲಿಸಲು ಪರಿಶೋಧಕ ಬೇಕಿರಲಿಲ್ಲವೆಂಬುದೂ ನಿಜ. ಆದರೆ ಬಲ್ಬಿನ ಯಶಸ್ಸಿನಿಂದ ಸರ್ಕಾರಗಳು ಕಲಿತ ಪಾಠ, ಮನೆಯೊಳಗೆ ಹೋಗದೆಯೇ ಎಲ್ಲವನ್ನೂ ಸಾಧಿಸಬಹುದು ಎಂಬುದು.

ಗೃಹಜ್ಯೋತಿ ಆ ಪಾಠದ ಪೂರ್ಣ ರೂಪ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆ ಬಡವರ ಮನೆಯಲ್ಲಿ ಕತ್ತಲೆಯ ಭಯವನ್ನು ಕಳೆದಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಇಲ್ಲಿ ಮುಖ್ಯವಾದದ್ದು ಅದರ ಲೆಕ್ಕ. ಮೂಲ ಸೂತ್ರದಂತೆ 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿದಷ್ಟು ಯೂನಿಟ್, 200ರ ಮಿತಿಯೊಳಗೆ, ಉಚಿತ. ಅಂದರೆ ರಾಜ್ಯದ ಪ್ರತಿ ಮನೆಯ ಬಳಕೆಯ ಮೌಲ್ಯಮಾಪನವನ್ನು ಕಂಪ್ಯೂಟರು ಹಳೆಯ ಬಿಲ್ಲುಗಳಿಂದಲೇ ಮಾಡಿ ಮುಗಿಸಿತು. ಸರಾಸರಿ 80 ಯೂನಿಟ್ ಇದ್ದ ಮನೆಗೆ 88 ಉಚಿತ. ಆ ಮನೆ 60ಕ್ಕೆ ಇಳಿದರೂ ಕೈಗೆ ಒಂದು ರೂಪಾಯಿ ಬಾರದು. ಉಳಿತಾಯಕ್ಕೆ ಬೆಲೆಯಿಲ್ಲದ ಕಡೆ, ಉಳಿಸುವುದನ್ನು ಹೇಳಿಕೊಡುವವನಿಗೆ ಯಾರು ಶುಲ್ಕ ಕೊಟ್ಟಾರು?

ಒಂದು ವರ್ಗ ಇದಕ್ಕೆ ಸ್ಪಷ್ಟವಾಗಿ ಹೊರತು. ತಿಂಗಳ ಬಳಕೆ 200ರ ಗಡಿ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ ಸುಮಾರು ಆರು ರೂಪಾಯಿಯಂತೆ, ಬೇಸಿಗೆಯಲ್ಲಿ 205 ಯೂನಿಟ್ ಉರಿಸಿದ ಮನೆಗೆ ಸಾವಿರದ ಇನ್ನೂರಕ್ಕಿಂತ ಹೆಚ್ಚು ಬೀಳುತ್ತದೆ. ಇಂಥ ಮನೆಯಲ್ಲಿ 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಯೂನಿಟ್ ಸಾಕು. ಒಂದೇ ಫ್ಯಾನು ಬದಲಿಸಿದರೆ ಮನೆ ಗಡಿಯಿಂದ ಈಚೆ ಉಳಿಯುತ್ತದೆ. ಈ ಪರಿಶೀಲನೆಗೆ ದುಬಾರಿ ಸಾಧನವೂ ಬೇಡ. ಯೂನಿಟ್‌ಗೆ 3200 ಎಂದು ಅಚ್ಚಾಗಿರುವ ಮೀಟರಿನ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಎಲ್ಲ ಸ್ವಿಚ್ ಆರಿಸಿ ಫ್ರಿಜ್ ಒಂದನ್ನೇ ಬಿಟ್ಟು ನೋಡಿದಾಗ ನಿಮಿಷಕ್ಕೆ ಎಂಟು ಸಲ ಮಿನುಗಿದರೆ, ಅದು 150 ವ್ಯಾಟ್ ಎಳೆಯುತ್ತಿದೆ ಎಂದರ್ಥ. ಅದನ್ನೂ ಆರಿಸಿದ ಮೇಲೆ ದೀಪ ಮಿನುಗುತ್ತಲೇ ಇದ್ದರೆ, ಮರೆತ ಯಾವುದೋ ಉಪಕರಣವಿದೆ ಅಥವಾ ವೈರಿಂಗ್‌ನಲ್ಲಿ ಸೋರಿಕೆಯಿದೆ.

ಸೌರ ಯೋಜನೆಯೂ ಇದೇ ದಾರಿ ಹಿಡಿದಿದೆ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಫಲಕದ ಗಾತ್ರ ನಿರ್ಧಾರವಾಗುವುದು ಈಗಿನ ಬಳಕೆಯಿಂದ. ಮೊದಲು ಬಳಕೆ ತಗ್ಗಿಸಿ ಎನ್ನುವ ಹಂತವೇ ಇಲ್ಲ. ಅದೇ ವರ್ಷ ಗ್ರಾಹಕ ಹಕ್ಕುಗಳ ನಿಯಮ ತಿದ್ದುಪಡಿಯಾಗಿ 10 ಕಿಲೋವ್ಯಾಟ್‌ವರೆಗಿನ ಸಂಪರ್ಕಕ್ಕೆ ತಾಂತ್ರಿಕ ಕಾರ್ಯಸಾಧ್ಯತಾ ಅಧ್ಯಯನ ಬೇಕಿಲ್ಲವೆಂದಾಯಿತು. ಅಲೆದಾಟ ತಪ್ಪಿದ್ದು ಒಳ್ಳೆಯದೇ. ಮನೆ ನೋಡಲು ಬರುವವನು ಫಲಕ ಮಾರುವವನೊಬ್ಬನೇ ಆಗಿಬಿಟ್ಟದ್ದು ಒಳ್ಳೆಯದಲ್ಲ: ಚಿಕ್ಕ ಫಲಕ ಸಾಕು ಎಂದು ಹೇಳುವುದರಲ್ಲಿ ಅವನಿಗೆ ಲಾಭವಿಲ್ಲ.

ಹಾಗೆಂದು ಪರಿಶೋಧಕರನ್ನು ಸಾವಿರಗಟ್ಟಲೆ ತಯಾರಿಸುವುದೂ ಪರಿಹಾರವಲ್ಲ. ಆಸ್ಟ್ರೇಲಿಯಾ 2009ರಲ್ಲಿ ಗ್ರೀನ್ ಲೋನ್ಸ್ ಯೋಜನೆಗಾಗಿ ಗೃಹ ಪರಿಶೋಧಕರನ್ನು ಕರೆಯಿತು. ಸಾವಿರಾರು ಮಂದಿ ಕೈಯಿಂದ ದುಡ್ಡು ಹಾಕಿ ತರಬೇತಿ ಪಡೆದರು. ಮರುವರ್ಷವೇ ಯೋಜನೆ ಕುಸಿದು ಅವರು ಬೀದಿಗೆ ಬಿದ್ದರು. ಇದೇ ಬಗೆಯ ಬ್ರಿಟನ್ನಿನ ಗ್ರೀನ್ ಡೀಲ್ ಯೋಜನೆ 2013ರಲ್ಲಿ ಶುರುವಾಗಿ 2015ರಲ್ಲಿ ಸರ್ಕಾರದ ಹಣ ನಿಂತೊಡನೆ ಮಂಕಾಯಿತು. ನಮ್ಮಲ್ಲೂ ಇಂಥ ಕಥೆಯುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ಮಾಗಡಿಗೆ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲ ಹಳ್ಳಿಗಳಲ್ಲಿ ಸೌದೆ, ಸೀಮೆಎಣ್ಣೆ, ಎತ್ತಿನ ದುಡಿಮೆ, ಹೆಂಗಸರ ದುಡಿಮೆಯನ್ನೂ ಸೇರಿಸಿ ಮನೆಮನೆಯ ಇಂಧನ ಲೆಕ್ಕ ಹಾಕಿದರು. ಅಡುಗೆಗೇ ಸಿಂಹಪಾಲು ಹೋಗುತ್ತಿತ್ತು. ಆ ಕೇಂದ್ರದ ಅಸ್ತ್ರ ಒಲೆಯನ್ನು ಕಟ್ಟಲು ಗಾರೆ ಕೆಲಸದವರು ತರಬೇತಿ ಪಡೆದರು. 1983ರಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2002ರಲ್ಲಿ ಕೈಬಿಟ್ಟಾಗ ಆ ಕಸುಬೂ ಸೊರಗಿತು. ಮೊದಲು ಮನೆಯ ಲೆಕ್ಕ, ಆಮೇಲೆ ಉಪಕರಣ ಎಂಬ ಆ ಕ್ರಮ ಮಾತ್ರ ಇಂದಿನ ಯಾವ ಯೋಜನೆಗಿಂತಲೂ ಸರಿಯಾದದ್ದು.

ಆ ಕ್ರಮವನ್ನು ಮರಳಿ ತರಲು ಹೊಸ ಇಲಾಖೆ ಬೇಡ. ರಾಜ್ಯದಲ್ಲಿ ಗ್ರಾಮ ವಿದ್ಯುತ್ ಪ್ರತಿನಿಧಿಗಳ ವ್ಯವಸ್ಥೆ ಇದೆ. ಊರಿನದೇ ಯುವಕರು ಪ್ರತಿ ತಿಂಗಳು ಮೀಟರ್ ಓದಿ ಬಿಲ್ ಕೊಡುತ್ತಾರೆ. ಹೊಸ್ತಿಲವರೆಗೆ ಬರುವವರನ್ನು ಒಳಗೆ ಕರೆಯುವುದಷ್ಟೇ ಬಾಕಿ. ಇವರಿಗೂ ಐಟಿಐ ಎಲೆಕ್ಟ್ರಿಷಿಯನ್ನರಿಗೂ ಗೃಹ ಪರಿಶೋಧನೆಯ ಚಿಕ್ಕ ತರಬೇತಿ, ಬ್ಯೂರೋದ ಪ್ರಮಾಣಪತ್ರ, ನೋಡಿದ ಪ್ರತಿ ಮನೆಗೆ ನಿಗದಿತ ಶುಲ್ಕ ಸಿಗಬೇಕು. ಶುಲ್ಕವನ್ನು ಮನೆಯವರು ಕೊಡಕೂಡದು, ಉಪಕರಣ ಮಾರುವವರಂತೂ ಕೊಡಲೇಕೂಡದು; ಉಳಿದ ಯೂನಿಟ್ಟಿನ ಸಬ್ಸಿಡಿ ಭಾರ ಇಳಿಯುವುದು ಸರ್ಕಾರಕ್ಕಾದ್ದರಿಂದ ಗೃಹಜ್ಯೋತಿಯ ಅನುದಾನದಿಂದಲೇ ಅದು ಬರಬೇಕು. 150ರಿಂದ 200 ಯೂನಿಟ್ ಬಳಸುವ ಮನೆಗಳ ಪಟ್ಟಿ ಬೆಸ್ಕಾಂ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಇಂಧನ ಇಲಾಖೆ ಮೊದಲು ಬಿಡದಿ ಹೋಬಳಿಯಲ್ಲಿ ಇದನ್ನು ಒಂದು ವರ್ಷ ನಡೆಸಿ, ಉಳಿತಾಯದ ಲೆಕ್ಕವನ್ನೂ ದುಡಿದವರ ಸಂಪಾದನೆಯ ಲೆಕ್ಕವನ್ನೂ ಜನರ ಮುಂದಿಡಲಿ.