ಜೀಪಿನ ಮೂಲ ರೂಪ ಯಾವುದು?

ಹಳೆಯ ಜೀಪುಗಳನ್ನು ಹಚ್ಚಿಕೊಂಡವರ ನಡುವೆ ಮುಗಿಯದ ಜಗಳವೊಂದಿದೆ. ಜೀಪು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಇರಬೇಕು, ಒಂದು ಬೋಲ್ಟೂ ಬದಲಾಗಬಾರದು ಎನ್ನುವವರು ಒಂದು ಕಡೆ. ಎತ್ತರಿಸಿ, ದೊಡ್ಡ ಟೈರು ಹಾಕಿ, ಮುಂದೊಂದು ವಿಂಚ್ ಕೂರಿಸಿ ಕಾಡುದಾರಿಗೆ ಇಳಿಸುವವರು ಇನ್ನೊಂದು ಕಡೆ. ಮೊದಲಿನವರ ಕೈಯಲ್ಲಿರುವ ದೊಡ್ಡ ಅಸ್ತ್ರ ‘ಒರಿಜಿನಲ್’ ಎಂಬ ಮಾತು. ಆದರೆ ಈ ವಾಹನದ ಚರಿತ್ರೆಯ ಜಾಡು ಹಿಡಿದು ಹಿಂದೆ ಹಿಂದೆ ಹೋದರೆ, ಆ ಒರಿಜಿನಲ್ ಎಲ್ಲಿಯೂ ಕೈಗೆ ಸಿಗುವುದಿಲ್ಲ. ಸಿಗುವುದೆಲ್ಲ ತಿದ್ದುಪಡಿಗಳೇ.

1940ರಲ್ಲಿ ಯುರೋಪು ಯುದ್ಧದಲ್ಲಿ ಉರಿಯುತ್ತಿತ್ತು. ಅಮೆರಿಕದ ಸೇನೆಗೆ ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಒಂದು ಪುಟ್ಟ ಗಾಡಿ ಬೇಕಾಯಿತು. ಮೊದಲ ಮಾದರಿಯನ್ನು 49 ದಿನಗಳಲ್ಲಿ ಒಪ್ಪಿಸಬೇಕೆಂಬ ಷರತ್ತಿಗೆ ಹೆಚ್ಚಿನ ಕಂಪನಿಗಳು ಹಿಂಜರಿದವು. ಒಪ್ಪಿಕೊಂಡದ್ದು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ, ಮುಳುಗುವ ಸ್ಥಿತಿಯಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಕಂಪನಿ. ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು, ಗಡುವಿನ ಕೊನೆಯ ದಿನ, ಗಾಡಿ ಮೇರಿಲ್ಯಾಂಡಿನ ಸೇನಾ ಶಿಬಿರವನ್ನು ಮುಟ್ಟಿತು. ಸೇನೆ ಅದನ್ನು ಮೆಚ್ಚಿತು. ಆದರೆ ಇಷ್ಟು ಸಣ್ಣ ಕಂಪನಿ ಲಕ್ಷಗಟ್ಟಲೆ ಗಾಡಿ ಮಾಡಿಕೊಡಲಾರದೆಂದು ಅದರ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿತು.

ವಿಲ್ಲಿಸ್ ಬಳಿ 60 ಅಶ್ವಶಕ್ತಿಯ ಒಳ್ಳೆಯ ಎಂಜಿನ್ ಇತ್ತು, ಆದರೆ ಅವರ ಗಾಡಿ ತೂಕದ ಮಿತಿ ಮೀರಿತ್ತು. ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಗಾಡಿಯನ್ನು ಪೂರ್ತಿ ಬಿಚ್ಚಿ ಭಾಗಗಳನ್ನು ತೂಗಿಸಿ, ಉದ್ದವಿದ್ದ ಬೋಲ್ಟುಗಳನ್ನು ಕತ್ತರಿಸಿ, 980 ಕಿಲೋದ ಆಸುಪಾಸಿಗೆ ಇಳಿಸಿದ. ಜೀಪಿನ ಗುರುತೇ ಆಗಿಹೋದ ಆ ಮುಂಭಾಗದ ಸೀಳುಗಳ ಜಾಲರಿಯನ್ನು ಒಂದೇ ತಗಡಿನಿಂದ ಒತ್ತಿ ಮಾಡುವ ಉಪಾಯ ಫೋರ್ಡ್‌ನದು. ಯುದ್ಧ ಮುಗಿಯುವ ಹೊತ್ತಿಗೆ ಇವೆರಡು ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ, ಬ್ಯಾಂಟಮ್ ಜೀಪಿನ ಹಿಂದೆ ಕಟ್ಟುವ ಟ್ರೇಲರುಗಳನ್ನು ಮಾಡುತ್ತಾ ಕುಳಿತಿತು. ಒಬ್ಬರ ನಕ್ಷೆ, ಇನ್ನೊಬ್ಬರ ಎಂಜಿನ್, ಮತ್ತೊಬ್ಬರ ಮುಖ: ಇವು ಕೂಡಿದ್ದೇ ನಾವು ಇಂದು ‘ಮೂಲ’ ಎನ್ನುವ ಜೀಪು.

ಗಾಡಿ ರಣರಂಗಕ್ಕೆ ಹೋದ ಮೇಲಂತೂ ಸೈನಿಕರು ಅದನ್ನು ಬಂದ ಹಾಗೆ ಬಿಡಲಿಲ್ಲ. ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಡೇವಿಡ್ ಸ್ಟರ್ಲಿಂಗ್‌ನ ಬ್ರಿಟಿಷ್ ತುಕಡಿ ಜೀಪುಗಳ ಗಾಜು ಕಿತ್ತುಹಾಕಿತು. ರೇಡಿಯೇಟರಿಗೆ ಗಾಳಿ ನುಗ್ಗಲೆಂದು ಜಾಲರಿಯ ಕಂಬಿಗಳನ್ನು ಕತ್ತರಿಸಿತು. ವಿಮಾನಗಳಿಗೆಂದು ಮಾಡಿದ್ದ ವಿಕರ್ಸ್ ಬಂದೂಕುಗಳನ್ನು ತಂದು ಕೂರಿಸಿತು. 1942ರ ಜುಲೈನ ಒಂದು ರಾತ್ರಿ ಇಂಥ 18 ಜೀಪುಗಳು ಈಜಿಪ್ಟಿನ ಸಿದಿ ಹನೀಶ್ ವಿಮಾನ ನೆಲೆಗೆ ನುಗ್ಗಿ, ನಿಂತಿದ್ದ ಶತ್ರು ವಿಮಾನಗಳನ್ನು ಸಾಲಾಗಿ ಸುಟ್ಟವು.

ಆ ಜೀಪುಗಳ ಮುಂದೆ ಒಂದು ಸಣ್ಣ ಡಬ್ಬಿಯೂ ಇರುತ್ತಿತ್ತು. ಅದರ ಕಥೆ ಬಂದೂಕಿಗಿಂತ ದೊಡ್ಡದು. ಮರುಭೂಮಿಯಲ್ಲಿ ರೇಡಿಯೇಟರಿನ ನೀರು ಕುದಿದು ಆವಿಯಾಗಿ ಹೋಗುತ್ತದೆ. ಮತ್ತೆ ತುಂಬಿಸಲು ನೀರಿಲ್ಲ. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದ ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಸೇನಾಧಿಕಾರಿ ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರಳುಗಾಡಿಗೆ ಹೋಗುತ್ತಿದ್ದ. ಅವನ ಉಪಾಯ ಸರಳವಾಗಿತ್ತು. ರೇಡಿಯೇಟರಿನಿಂದ ಹೊರಬರುವ ಆವಿಯನ್ನು ಕೊಳವೆಯ ಮೂಲಕ ಅರ್ಧ ನೀರಿದ್ದ ಡಬ್ಬಿಗೆ ಬಿಡುವುದು. ಆವಿ ಅಲ್ಲಿ ತಣಿದು ನೀರಾಗುತ್ತದೆ. ಎಂಜಿನ್ ಆರಿದಾಗ ರೇಡಿಯೇಟರೇ ಆ ನೀರನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಮರಳಿನಲ್ಲಿ ಟೈರಿನ ಗಾಳಿ ಇಳಿಸಿ ಓಡಿಸುವುದು, ಹೂತ ಚಕ್ರದಡಿ ಕಬ್ಬಿಣದ ಪಟ್ಟಿ ಹಾಸುವುದು ಮೊದಲಾದ ಕೌಶಲಗಳನ್ನೂ ಈ ತಂಡ ಪಳಗಿಸಿತು. ಇಂದು ನಮ್ಮ ಕಾರುಗಳ ಬಾನೆಟ್ ಎತ್ತಿದರೆ ಕಾಣುವ ಕೂಲೆಂಟ್ ಡಬ್ಬಿ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಮರಳಿನಲ್ಲಿ ಬಾಯಾರಿದವರ ಉಪಾಯದಂಥದ್ದೇ ಈಗ ಪ್ರತಿ ಕಾರ್ಖಾನೆಯ ನಕ್ಷೆಯಲ್ಲಿದೆ.

ಎಲ್ಲ ತಿದ್ದುಪಡಿಗೂ ಹೀಗೆ ಹೆಸರು ಉಳಿದಿಲ್ಲ. 1944ರಲ್ಲಿ ಪಶ್ಚಿಮ ಯುರೋಪಿನ ರಸ್ತೆಗಳಿಗೆ ಅಡ್ಡಲಾಗಿ ತೆಳುವಾದ ತಂತಿ ಬಿಗಿದಿರುವ ಭಯವಿತ್ತು. ಗಾಜು ಮಡಚಿಕೊಂಡು ಓಡುವ ಜೀಪಿನಲ್ಲಿ ಕೂತವರ ಕೊರಳಿಗೆ ಅದು ಕತ್ತಿ. ಸೈನಿಕರು ಬಂಪರಿಗೆ ಒಂದು ಆ್ಯಂಗಲ್ ಕಬ್ಬಿಣವನ್ನು ನೆಟ್ಟಗೆ ವೆಲ್ಡ್ ಮಾಡಿ, ತುದಿಯಲ್ಲಿ ಕೊಕ್ಕೆಯಂತೆ ಕಚ್ಚು ಕೊಟ್ಟರು. ತಂತಿ ಅದಕ್ಕೆ ಸಿಕ್ಕಿ ತುಂಡಾಗುತ್ತಿತ್ತು. ಹಳೆಯ ಫೋಟೋಗಳಲ್ಲಿ ಈ ಕಬ್ಬಿಣದ ಕೋಲು ಕಾಣುತ್ತದೆ, ಅದನ್ನು ಬೆಸೆದವನು ಕಾಣುವುದಿಲ್ಲ.

ಯುದ್ಧ ಮುಗಿದು ಸೇನೆ ಮನೆಗೆ ಮರಳಿದಾಗ ಜೀಪುಗಳು ಅಲ್ಲಲ್ಲೇ ಉಳಿದವು. ಮನಿಲಾದಲ್ಲಿ ಜನ ಅವುಗಳ ಮೈ ಉದ್ದ ಮಾಡಿ, ತಗಡಿನ ಮಾಡು ಹೊದಿಸಿ, ಎದುರುಬದುರಾಗಿ ಎರಡು ಬೆಂಚು ಹಾಕಿದರು. ಯುದ್ಧದಲ್ಲಿ ಸಾರಿಗೆ ನೆಲಕಚ್ಚಿದ್ದ ಆ ನಗರಕ್ಕೆ ‘ಜೀಪ್ನಿ’ ದಕ್ಕಿತು. ಅಮೆರಿಕದ ಸಿಯಾಟಲ್‌ನಲ್ಲಿ ಆರ್ಥರ್ ವಾರ್ನ್ 1948ರಲ್ಲಿ ಇನ್ನೊಂದು ತೊಡಕು ಬಿಡಿಸಿದ. ಟಾರು ರಸ್ತೆಯಲ್ಲಿ ಹಿಂದಿನ ಎರಡು ಚಕ್ರದಲ್ಲೇ ಓಡುವಾಗಲೂ ಮುಂದಿನ ಆ್ಯಕ್ಸಲ್ ಸುಮ್ಮನೆ ತಿರುಗುತ್ತಾ ಎಣ್ಣೆ ತಿನ್ನುತ್ತಿತ್ತು, ಸವೆಯುತ್ತಿತ್ತು. ಬೇಡವಾದಾಗ ಮುಂದಿನ ಚಕ್ರವನ್ನು ಆ್ಯಕ್ಸಲಿನಿಂದ ಬಿಡಿಸಿಡುವ, ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ ಅನ್ನು ಅವನು ಮಾಡಿ ಮಾರಿದ. 1953ರಲ್ಲಿ ಕ್ಯಾಲಿಫೋರ್ನಿಯಾದ ರುಬಿಕಾನ್ ಎಂಬ ಬಂಡೆದಾರಿಯಲ್ಲಿ ಹವ್ಯಾಸಿಗಳು ಜೀಪು ಹತ್ತಿಸುವ ಸಂಘಟಿತ ಯಾತ್ರೆ ಆರಂಭಿಸಿದರು. ಅಂಥ ದಾರಿಗಳಿಗೆಂದು ಜನ ಗ್ಯಾರೇಜುಗಳಲ್ಲಿ ಡಿಫರೆನ್ಷಿಯಲ್ ಲಾಕ್ ಹಾಕಿಸಿಕೊಂಡರು. ಒಂದು ಚಕ್ರ ಗಾಳಿಯಲ್ಲಿ ತೇಲಿದರೂ ನೆಲದ ಮೇಲಿರುವ ಚಕ್ರಕ್ಕೆ ಶಕ್ತಿ ಸಿಗುವಂತೆ ಮಾಡುವ ಸಾಧನವದು. ಐವತ್ತು ವರ್ಷದ ಬಳಿಕ, 2003ರ ಮಾದರಿಯಾಗಿ, ಅದೇ ಲಾಕುಗಳನ್ನು ಕಾರ್ಖಾನೆಯಲ್ಲೇ ಕೂರಿಸಿದ ಜೀಪು ಬಂತು. ಅದರ ಹೆಸರೂ ರುಬಿಕಾನ್!

ನಮ್ಮಲ್ಲಿಗೆ ಜೀಪು ಬಂದದ್ದು ಸ್ವಾತಂತ್ರ್ಯದ ಹೊತ್ತಿಗೆ, ಮಹೀಂದ್ರಾ ಕಂಪನಿಯ ಮೂಲಕ. ಇಲ್ಲಿ ಬೇರೂರಿದ ಸಿಜೆ-3ಬಿ ಮಾದರಿಯ ಬಾನೆಟ್ ಎತ್ತರವಾಗಿ ಕಾಣುವುದಕ್ಕೂ ಕಾರಣವಿದೆ: ಹಳೆಯ ಮೈಯೊಳಗೆ ಎತ್ತರದ ಹೊಸ ಎಂಜಿನ್ ತುರುಕಲು ವಿಲ್ಲಿಸ್ ಮಾಡಿದ ಹೊಂದಾಣಿಕೆ ಅದು. ಅಮೆರಿಕದಲ್ಲಿ 1968ಕ್ಕೇ ನಿಂತುಹೋದ ಆ ರೂಪ ಇಲ್ಲಿ ದಶಕಗಳ ಕಾಲ ಓಡಿತು. 1970ರ ದಶಕದಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಜೀಪಿನೊಳಗೆ ಬಂತು. ಮುಂದೆ ಪ್ಯೂಜೋ ಕಂಪನಿಯ ಡೀಸೆಲ್ ಬಂತು. ಕಂಪನಿ ಮಾಡಿದ್ದನ್ನೇ ಊರೂರಿನ ಗ್ಯಾರೇಜುಗಳೂ ಮಾಡಿದವು. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಕೂರಿಸುವುದು ಒಂದು ಕಾಲದ ಮಾಮೂಲಿ ಕಸುಬು.

ಮಲೆನಾಡು, ಕೊಡಗಿನ ಜೀಪುಗಳನ್ನು ಈ ಚರಿತ್ರೆಯ ಮುಂದುವರಿಕೆಯಾಗಿ ನೋಡಬೇಕು. ಹಿಂಬದಿಯಲ್ಲಿ ಉದ್ದುದ್ದ ಸೀಟು, ಮೇಲೆ ಟಾರ್ಪಾಲು, ಕೆಸರು ಕಚ್ಚುವ ದಪ್ಪ ಗುಬ್ಬಿಯ ಟೈರು. ಕೊಡಚಾದ್ರಿಯ ಏರಿಗೆ, ಮಾಂದಲಪಟ್ಟಿಯ ದಾರಿಗೆ ಇಂದು ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳಿಗೆ ಮುಂಚೆ ಬೇರೆ ಹೊರೆಗಳಿದ್ದವು: ಕಾಫಿ ಮೂಟೆ, ಮಳೆಗಾಲದಲ್ಲಿ ಆಸ್ಪತ್ರೆಗೆ ಹೋಗಬೇಕಾದ ಬಸುರಿ, ಶಾಲೆಯ ಮಕ್ಕಳು.

ಹೀಗೆಂದು ಎಲ್ಲ ಬದಲಾವಣೆಯೂ ಒಳ್ಳೆಯದೆಂದಲ್ಲ. ಗಾಡಿಯಲ್ಲಿ ಒಂದನ್ನು ಮುಟ್ಟಿದರೆ ನಾಲ್ಕು ಅಲುಗಾಡುತ್ತವೆ. ದೊಡ್ಡ ಟೈರು ಹಾಕಿದರೆ ಸ್ಪೀಡೋಮೀಟರ್ ಇರುವುದಕ್ಕಿಂತ ಕಡಿಮೆ ವೇಗ ತೋರಿಸುತ್ತದೆ, ಬ್ರೇಕಿಗೆ ಹೆಚ್ಚು ಶ್ರಮ ಬೀಳುತ್ತದೆ, ಎಂಜಿನ್ ಎಳೆಯಲು ಏದುಸಿರು ಬಿಡುತ್ತದೆ. ಮೈ ಎತ್ತರಿಸಿದರೆ ಭಾರದ ಕೇಂದ್ರ ಮೇಲೇರಿ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ; ಪ್ರೊಪೆಲರ್ ಶಾಫ್ಟಿನ ಕೋನ ಬದಲಾಗಿ ಅದರ ಕೀಲುಗಳು ಬೇಗ ಸವೆಯುತ್ತವೆ. ಬಲ್ಲ ಮೆಕ್ಯಾನಿಕ್ ಈ ಸಾಲವನ್ನು ಲೆಕ್ಕಹಾಕಿಯೇ ಸ್ಪ್ಯಾನರ್ ಎತ್ತುತ್ತಾನೆ. ನಗರದ ನುಣುಪು ರಸ್ತೆಯಲ್ಲಿ ಗತ್ತಿಗಾಗಿ ಎತ್ತರಿಸಿದ ಗಾಡಿಯಲ್ಲಿ ಆ ಸಾಲ ತೀರಿಸುವವನು ಹಲವು ಸಲ ಎದುರಿನಿಂದ ಬರುವ ಬೈಕ್ ಸವಾರ.

ಕಾನೂನು ಬಿಗಿಯಾದದ್ದರ ಹಿಂದೆ ಈ ಆತಂಕವೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ 2000ದಲ್ಲಿ ತಿದ್ದುಪಡಿಯಾಗಿ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎಂದಾಯಿತು. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಗೊತ್ತುಮಾಡಿತು.

ರಸ್ತೆಯಲ್ಲಿ ಸಾಯುವವರ ಪರವಾಗಿ ಈ ಕಾನೂನನ್ನು ಒಪ್ಪಲೇಬೇಕು. ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕಾನೂನಿನ ಕಣ್ಣಿಗೆ ವಾಹನದ ಬಗ್ಗೆ ತಿಳಿವಳಿಕೆ ಇರುವುದು ತಯಾರಕನಿಗೆ ಮಾತ್ರ. ಓಡಿಸುವವನದು ಬರೀ ಬಳಕೆ. ಜೀಪಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಕಾರ್ಖಾನೆ ನೆಲವನ್ನು ಊಹಿಸಿಕೊಳ್ಳುತ್ತದೆ; ಓಡಿಸುವವನಿಗೆ ನೆಲ ಗೊತ್ತಿರುತ್ತದೆ. ಆ ಗೊತ್ತಿರುವಿಕೆಯನ್ನು ಪರೀಕ್ಷಿಸಿ, ಅಳೆದು, ಸರಿಯಿದ್ದರೆ ಮುದ್ರೆ ಒತ್ತುವ ದಾರಿಯೊಂದು ತೆರೆದಿದ್ದರೆ ಗ್ಯಾರೇಜಿನ ಕೈಗಳಿಗೂ ಹೊಣೆ ಬರುತ್ತದೆ, ಹೆಸರೂ ಬರುತ್ತದೆ. ಒಂದು ತಿದ್ದುಪಡಿ ಬೇಕೋ ಬೇಡವೋ ಎಂದು ತೀರ್ಮಾನಿಸಲು ‘ಒರಿಜಿನಲ್’ ಎಂಬ ಅಳತೆಗೋಲು ಸಾಲದು. ಅದು ಯಾವ ನೆಲದ ಯಾವ ಕಷ್ಟಕ್ಕೆ ಉತ್ತರ, ಆ ಉತ್ತರದ ಬೆಲೆ ತೆರುವವರು ಯಾರು ಎಂದು ಕೇಳಬೇಕು. ಬ್ಯಾಗ್ನೋಲ್ಡನ ಡಬ್ಬಿ, ಬಂಪರಿನ ಕಬ್ಬಿಣದ ಕೋಲು, ಮಲೆನಾಡಿನ ಜೀಪಿನ ಉದ್ದ ಸೀಟು ಈ ಪ್ರಶ್ನೆಯ ಮುಂದೆ ನಿಲ್ಲಬಲ್ಲವು.