ಹುಟ್ಟಿದೂರನ್ನು ಹೊತ್ತು ನಡೆಯುವ ಫಂಕ್ಷನ್

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಹೈದರಾಬಾದಿನ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ನೌಕರರ ರಜೆಯ ಲೆಕ್ಕ ಇಡುವ ಪುಟ್ಟ ಮಾಡ್ಯೂಲನ್ನು ಜಾವಾಸ್ಕ್ರಿಪ್ಟಿನಲ್ಲಿ ಬರೆದು ತಂದ. ಒಂದು ಫಂಕ್ಷನ್, ಅದರೊಳಗೆ ಉಳಿದ ರಜೆಯ ಸಂಖ್ಯೆ. ಅದು ಹೊರಗೆ ಕೊಡುತ್ತಿದ್ದದ್ದು ಇನ್ನೆರಡು ಸಣ್ಣ ಫಂಕ್ಷನ್ನುಗಳು: ಒಂದು ರಜೆ ಕಳೆಯುವುದು, ಇನ್ನೊಂದು ಉಳಿದದ್ದನ್ನು ಹೇಳುವುದು. ಕೋಡ್ ರಿವ್ಯೂನಲ್ಲಿ ನಾನು, "ಇದರಲ್ಲಿ ಆಬ್ಜೆಕ್ಟ್ ಎಲ್ಲಿದೆ? ಸರಿಯಾಗಿ ಆಬ್ಜೆಕ್ಟ್ ಓರಿಯೆಂಟೆಡ್ ಆಗಿ ಬರಿ" ಎಂದು ವಾಪಸ್ ಕಳಿಸಿದೆ. ಅವನು ಮರುಮಾತಾಡದೆ ತಿದ್ದಿಕೊಂಡು ಬಂದ. ತಪ್ಪಿದ್ದದ್ದು ನಾನು ಅಂತ ತಿಳಿಯಲು ಲಿಸ್ಪ್ ಭಾಷೆಯ ಚರಿತ್ರೆ ಓದಬೇಕಾಯಿತು. ಆ ಚರಿತ್ರೆಯನ್ನು ಇಲ್ಲಿ ಹೇಳುತ್ತೇನೆ.

ಜಾನ್ ಮೆಕಾರ್ಥಿ ಅಮೆರಿಕದ ಎಂಐಟಿಯಲ್ಲಿ ಲಿಸ್ಪ್ ಕೆಲಸ ಶುರು ಮಾಡಿದ್ದು 1958ರಲ್ಲಿ. ಫಂಕ್ಷನ್ನಿಗೆ ಹೆಸರಿಡದೆಯೇ ಅದನ್ನು ಬರೆಯಲು ಅವರು ಅಲೊಂಜೊ ಚರ್ಚ್ ಎಂಬ ತರ್ಕಶಾಸ್ತ್ರಜ್ಞರಿಂದ ಲ್ಯಾಂಬ್ಡಾ ಎಂಬ ಗುರುತನ್ನು ಎರವಲು ತಂದರು. ಗುರುತನ್ನು ತಂದೆ, ಚರ್ಚರ ಪುಸ್ತಕದ ಉಳಿದ ಭಾಗ ನನಗೆ ಅರ್ಥವಾಗಿರಲಿಲ್ಲ ಎಂದು ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಆ ಅರ್ಧ ಎರವಲಿನಿಂದಲೇ ಒಂದು ತೊಡಕು ಹುಟ್ಟಿತು.

ನಮ್ಮಂಥ ಪರವೂರಿನವರಿಗೆ ಈ ತೊಡಕು ಬೇಗ ಅರ್ಥವಾಗುತ್ತದೆ. ನಾನು ಧಾರವಾಡದ ಕಡೆಯವನು. ನನಗೆ ಅವ್ವ ಅಂದರೆ ತಾಯಿ. ಪಕ್ಕದ ಮನೆಯವರು ಕಡಪ ಕಡೆಯವರು. ಅವರಿಗೆ ಅವ್ವ ಅಂದರೆ ಅಜ್ಜಿ. ನಾನು "ಅವ್ವ ಬರ್ತಾಳ" ಎಂದರೆ ಆ ಪದಕ್ಕೆ ನಾನು ಹುಟ್ಟಿದೂರಿನ ಅರ್ಥ ಹಿಡಿಯಬೇಕೋ, ನಾನೀಗ ನಿಂತಿರುವ ಊರಿನ ಅರ್ಥವೋ? ಫಂಕ್ಷನ್ನಿಗೂ ಇದೇ ಪ್ರಶ್ನೆ. ಒಂದು ಕಡೆ ಹುಟ್ಟಿದ ಫಂಕ್ಷನ್ನನ್ನು ಇನ್ನೊಂದು ಕಡೆಗೆ ಕಳಿಸಿದಾಗ, ಅದರೊಳಗಿನ ಹೆಸರುಗಳಿಗೆ ಬೆಲೆ ಎಲ್ಲಿಂದ ಬರಬೇಕು? ಮೊದಲ ಲಿಸ್ಪ್, ಕರೆದ ಜಾಗದ ಬೆಲೆಯನ್ನು ಹಿಡಿಯುತ್ತಿತ್ತು. ಹಾಗಾಗಿ ಅಪರೂಪಕ್ಕೆ ತಪ್ಪು ಉತ್ತರ ಬರುತ್ತಿತ್ತು.

ಜೇಮ್ಸ್ ಸ್ಲೇಗಲ್ ಎಂಬವರು ಇದನ್ನು ಮೊದಲು ಕಂಡು ದೂರಿದಾಗ, ಇದೊಂದು ಸಣ್ಣ ಬಗ್, ಸ್ಟೀವ್ ರಸೆಲ್ ಸರಿಮಾಡುತ್ತಾರೆ ಎಂದು ಮೆಕಾರ್ಥಿ ಸುಮ್ಮನಾದರಂತೆ. ರಸೆಲ್ ಸರಿಮಾಡಿದರು ಕೂಡ. ಫಂಕ್ಷನ್ ಹೊರಡುವಾಗ ಅದು ಹುಟ್ಟಿದ ಪರಿಸರವನ್ನೂ ಜೊತೆಗೆ ಕಟ್ಟಿ ಕಳಿಸುವ ಏರ್ಪಾಡು ಅದು. ಫನಾರ್ಗ್ ಎಂದು ಅದಕ್ಕೆ ಹೆಸರು. 1964ರಲ್ಲಿ ಇಂಗ್ಲೆಂಡಿನ ಪೀಟರ್ ಲ್ಯಾಂಡಿನ್, ಫಂಕ್ಷನ್ ಮತ್ತು ಅದರ ಪರಿಸರ ಎರಡನ್ನೂ ಸೇರಿಸಿ ಕಟ್ಟಿದ ಇಂಥ ಗಂಟಿಗೆ ಕ್ಲೋಷರ್ ಎಂದು ಕರೆದರು. ಆ ಹೆಸರೇ ನಿಂತಿತು.

ಅತ್ತ ನಾರ್ವೆಯ ಓಸ್ಲೋದಲ್ಲಿ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಸಿಮ್ಯುಲಾ ಭಾಷೆ ಕಟ್ಟುತ್ತಿದ್ದರು. ಆಲ್ಗಾಲ್ ಭಾಷೆಯಲ್ಲಿ ಒಂದು ಬ್ಲಾಕ್ ಓಡಿ ಮುಗಿದೊಡನೆ ಅದರ ಒಳಗಿನ ಬೆಲೆಗಳೆಲ್ಲ ಅಳಿದುಹೋಗುತ್ತವೆ. ಅಳಿಯದೆ ಉಳಿದರೆ? ಹಾಗೆ ಉಳಿದದ್ದೇ ಸಿಮ್ಯುಲಾ 67ರ ಆಬ್ಜೆಕ್ಟ್. ಅಂದರೆ ಎರಡು ದೇಶಗಳಲ್ಲಿ ಎರಡು ಗುಂಪಿನವರು, ಕೆಲಸ ಮುಗಿದ ಮೇಲೂ ಅಳಿಯದ ಪರಿಸರವನ್ನು ಬೇರೆ ಬೇರೆ ಕಾರಣಕ್ಕೆ ಉಳಿಸಿಕೊಂಡರು. ಹೆಸರು ಮಾತ್ರ ಬೇರೆಯಾಯಿತು.

ಈ ಎರಡು ದಾರಿ ಕೂಡಿದ್ದು 1975ರಲ್ಲಿ, ಮತ್ತೆ ಎಂಐಟಿಯಲ್ಲಿ. ಕಾರ್ಲ್ ಹ್ಯೂವಿಟ್ ಅಲ್ಲಿ ಆ್ಯಕ್ಟರ್ ಎಂಬ ಸಿದ್ಧಾಂತ ಮುಂದಿಟ್ಟಿದ್ದರು: ಲೆಕ್ಕಾಚಾರವೆಲ್ಲ ಒಬ್ಬರಿಗೊಬ್ಬರು ಸಂದೇಶ ಕಳಿಸುವ ಪಾತ್ರಧಾರಿಗಳ ವ್ಯವಹಾರ ಎಂಬುದು ಅದರ ಸಾರ. ಜೆರಾಲ್ಡ್ ಸಸ್‌ಮನ್ ಮತ್ತು ಅವರ ವಿದ್ಯಾರ್ಥಿ ಗೈ ಸ್ಟೀಲ್ ಅದನ್ನು ಅರ್ಥ ಮಾಡಿಕೊಳ್ಳಲು ಹೆಣಗಿದರು. ಕೊನೆಗೆ, ಆಟಿಕೆಯಂಥ ಒಂದು ಭಾಷೆಯನ್ನು ಕಟ್ಟಿಯೇ ನೋಡೋಣ ಎಂದು ಕುಳಿತರು. ಹುಟ್ಟಿದ ಪರಿಸರದ ಬೆಲೆಯನ್ನೇ ಹಿಡಿಯುವ ಪುಟ್ಟ ಲಿಸ್ಪ್ ಅದು. ಫಂಕ್ಷನ್ ಮಾಡಲು ಲ್ಯಾಂಬ್ಡಾ, ಆ್ಯಕ್ಟರ್ ಮಾಡಲು ಆಲ್ಫಾ ಎಂದು ಎರಡು ಪದ ಇಟ್ಟರು. ಇಂಟರ್‌ಪ್ರಿಟರ್ ಓಡತೊಡಗಿದ ಮೇಲೆ ಎರಡನ್ನೂ ನಡೆಸುವ ಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಎರಡೂ ಒಂದೇ ಕೋಡ್! ಫಂಕ್ಷನ್ ಬೆಲೆ ಹಿಂದಿರುಗಿಸುತ್ತದೆ, ಆ್ಯಕ್ಟರ್ ಮುಂದಿನವನಿಗೆ ಸಂದೇಶ ದಾಟಿಸುತ್ತದೆ. ವ್ಯತ್ಯಾಸ ಅಷ್ಟೇ, ಅದೂ ಒಳಗೆ ಬರೆದ ಕೆಲಸದಲ್ಲಿ. ಆಲ್ಫಾ ಬೇಕಿರಲಿಲ್ಲ. ಏಕಕಾಲಕ್ಕೆ ಹಲವು ಆ್ಯಕ್ಟರ್‌ಗಳು ಓಡುವ ಪ್ರಶ್ನೆ ಬೇರೆ. ಆದರೆ ಒಳಗೆ ಸ್ಥಿತಿ ಇಟ್ಟುಕೊಂಡು ಸಂದೇಶಕ್ಕೆ ಉತ್ತರ ಕೊಡುವ ಜೀವಿಯನ್ನು ಕಟ್ಟಲು ಕ್ಲೋಷರ್ ಸಾಕು ಎಂಬುದು ಸಾಬೀತಾಯಿತು.

ಆ ಭಾಷೆಗೆ ಸ್ಕೀಮರ್ ಎಂದು ಹೆಸರಿಡಬೇಕಿತ್ತು. ಅವರ ಕಂಪ್ಯೂಟರಿನಲ್ಲಿ ಫೈಲಿನ ಹೆಸರಿಗೆ ಆರೇ ಅಕ್ಷರದ ಮಿತಿ ಇದ್ದುದರಿಂದ ಅದು ಸ್ಕೀಮ್ ಆಯಿತು.

1985ರಲ್ಲಿ ಹೆರಾಲ್ಡ್ ಏಬಲ್‌ಸನ್ ಮತ್ತು ಸಸ್‌ಮನ್ ಬರೆದ ಪಠ್ಯಪುಸ್ತಕ ಇದನ್ನು ಬ್ಯಾಂಕ್ ಖಾತೆಯ ಉದಾಹರಣೆಯಿಂದ ಕಲಿಸಿತು. ಖಾತೆ ತೆರೆಯುವ ಒಂದು ಫಂಕ್ಷನ್. ಅದಕ್ಕೆ ಆರಂಭದ ಶಿಲ್ಕು ಕೊಡಬೇಕು. ಅದು ಹಿಂದಿರುಗಿಸುವುದು ಇನ್ನೊಂದು ಫಂಕ್ಷನ್ನನ್ನು. 'ತೆಗೆ' ಎಂಬ ಸಂದೇಶ ಬಂದರೆ ಹಣ ತೆಗೆಯುವ ಕೆಲಸವನ್ನು, 'ಹಾಕು' ಎಂದರೆ ಜಮಾ ಮಾಡುವ ಕೆಲಸವನ್ನು ಅದು ಕೈಗಿಡುತ್ತದೆ. ಶಿಲ್ಕು ಆ ಗಂಟಿನೊಳಗೇ ಇರುತ್ತದೆ, ಹೊರಗಿನವರು ಮುಟ್ಟುವಂತಿಲ್ಲ. ಎರಡು ಸಲ ಖಾತೆ ತೆರೆದರೆ ಎರಡು ಗಂಟು, ಎರಡು ಶಿಲ್ಕು. ಒಂದರಿಂದ ತೆಗೆದರೆ ಇನ್ನೊಂದಕ್ಕೆ ಗೊತ್ತಾಗದು. ಕ್ಲಾಸ್ ಎಂಬ ಪದ ಎಲ್ಲೂ ಇಲ್ಲ, ಆಬ್ಜೆಕ್ಟ್ ಮಾತ್ರ ಇದೆ.

ಹಾಗಂತ ಇದರಿಂದ ಎಲ್ಲವೂ ಬಗೆಹರಿಯಲಿಲ್ಲ. ಒಂದು ಖಾತೆಯಿಂದ ಇನ್ನೊಂದು ಬಗೆಯ ಖಾತೆ ಗುಣ ಪಡೆಯಬೇಕಾದರೆ ಅದನ್ನು ಕೈಯಾರೆ ಕಟ್ಟಬೇಕು. ಗಂಟಿನೊಳಗೆ ಇಣುಕಿ ತಪ್ಪು ಹುಡುಕುವುದೂ ಕಷ್ಟ. ಪ್ರತಿ ತಂಡವೂ ತನ್ನದೇ ರೀತಿ ಕಟ್ಟಿಕೊಂಡರೆ ಒಬ್ಬರ ಕೋಡ್ ಇನ್ನೊಬ್ಬರಿಗೆ ಹೊಂದುವುದಿಲ್ಲ. ಕಾಮನ್ ಲಿಸ್ಪಿನವರು ಕ್ಲಾಸ್ ಇರುವ ವ್ಯವಸ್ಥೆಯನ್ನೇ ಪ್ರಮಾಣವಾಗಿ ಸೇರಿಸಿಕೊಂಡರು. 1994ರ ಆನ್ಸಿ ಪ್ರಮಾಣದಲ್ಲಿ ಅದು ಇದೆ. ಪ್ರಾಜೆಕ್ಟ್ ನಡೆಸುವವನಾಗಿ ಅವರ ಕಷ್ಟ ನನಗೆ ಅರ್ಥವಾಗುತ್ತದೆ.

ಆದರೆ ಸ್ಕೀಮ್ ಬೇರೊಂದು ಬಾಗಿಲಿನಿಂದ ನಮ್ಮೆಲ್ಲರ ಮನೆಗೆ ಬಂತು. 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪಿಗೆ ಸೇರಿದ್ದು ಬ್ರೌಸರಿನಲ್ಲಿ ಸ್ಕೀಮ್ ಮಾಡುವ ಆಸೆಯಿಂದ. ಜಾವಾದಂತೆ ಕಾಣಬೇಕು ಎಂಬ ಒತ್ತಾಯದಿಂದ ಹತ್ತು ದಿನದಲ್ಲಿ ಅವರು ಬರೆದ ಮೊದಲ ರೂಪವೇ ಮುಂದೆ ಜಾವಾಸ್ಕ್ರಿಪ್ಟ್ ಆಯಿತು. ವೇಷ ಜಾವಾದ್ದು, ಒಳಗಿನ ಫಂಕ್ಷನ್ನುಗಳು ಸ್ಕೀಮಿನ ಗುಣದವು. ಆ ಭಾಷೆಗೆ ಕ್ಲಾಸ್ ಎಂಬ ಪದ ಬಂದದ್ದು 2015ರಲ್ಲಿ, ಕ್ಲಾಸಿನೊಳಗೆ ಖಾಸಗಿ ಬೆಲೆ ಇಡುವ ಅನುಕೂಲ ಪ್ರಮಾಣಕ್ಕೆ ಸೇರಿದ್ದು 2022ರಲ್ಲಿ. ಅಲ್ಲಿಯವರೆಗೆ ಏನನ್ನಾದರೂ ಬಚ್ಚಿಡಬೇಕೆಂದರೆ ಜನ ಕ್ಲೋಷರನ್ನೇ ನಂಬಿದ್ದರು.

ನಮ್ಮ ಹುಡುಗ ಮಾಡಿದ್ದೂ ಅದನ್ನೇ. ಖಾತೆಯ ಬದಲು ರಜೆ, ಶಿಲ್ಕಿನ ಬದಲು ಉಳಿದ ದಿನಗಳು. ನಾನು ಹೇಳಿದಂತೆ ತಿದ್ದಿದ ಮೇಲೆ ಉಳಿದ ರಜೆಯ ಸಂಖ್ಯೆ ಎಲ್ಲರೂ ಬದಲಿಸಬಹುದಾದ ಜಾಗಕ್ಕೆ ಬಂತು. ಅಂದರೆ ಕೋಡ್ ಮೊದಲಿಗಿಂತ ಕೆಟ್ಟಿತು, ನಾನು ಅದಕ್ಕೆ ಸಹಿ ಹಾಕಿದೆ. ಇದೆಲ್ಲ ನನಗೆ ತಿಳಿಯುವ ಹೊತ್ತಿಗೆ ಅವನು ಕೆಲಸ ಬಿಟ್ಟು ಹೋಗಿದ್ದ.

ಈಗ ಇಂಟರ್‌ವ್ಯೂನಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಅಂದರೇನು ಎಂದು ನಾನು ಕೇಳುವುದಿಲ್ಲ. ಒಂದು ಕೋಡ್ ತೋರಿಸಿ, ಇದರಲ್ಲಿ ಶಿಲ್ಕು ಯಾರ ಕೈಯಲ್ಲಿದೆ, ಯಾರು ಮುಟ್ಟಬಹುದು ಎಂದು ಕೇಳುತ್ತೇನೆ. ಉತ್ತರ ಹೇಳುವವರು ಕ್ಲಾಸ್ ಎಂಬ ಪದ ಬಳಸದಿದ್ದರೂ ಪೂರ್ತಿ ಕೇಳಿಸಿಕೊಳ್ಳುತ್ತೇನೆ.